ಕರಡಿಕಲ್ಲಿನ ಗುರುತು

ಕರಡಿಕಲ್ಲಿನ ನೆತ್ತಿಯ ಮೇಲೆ ಊರಿನ ಎಲ್ಲೆಯ ಗುರುತು ಇದೆ ಎಂದು ಪುಟ್ಟಸಿದ್ದಯ್ಯ ಹೇಳಿದಾಗ ಮೊದಲು ನಕ್ಕವನು ಚಿನ್ನಸ್ವಾಮಿ. ಅವನು ನಕ್ಕನೆಂದು ಜಗುಲಿಯಲ್ಲಿ ಕೂತಿದ್ದ ಉಳಿದವರೂ ನಕ್ಕರು. ಪುಟ್ಟಸಿದ್ದಯ್ಯನ ಎರಡೂ ಕಣ್ಣಿಗೆ ಪೊರೆ ಬಂದು ಮೂರು ವರ್ಷವಾಗಿತ್ತು. ಬಿಸಿಲು ಯಾವ ಕಡೆ, ನೆರಳು ಯಾವ ಕಡೆ ಎಂಬುದು ತಿಳಿಯುತ್ತಿತ್ತೇ ಹೊರತು ಎದುರಿಗೆ ನಿಂತವರ ಮುಖ ಕಾಣುತ್ತಿರಲಿಲ್ಲ.

“ಕಣ್ಣಿಲ್ಲದೋನು ಕಂಡಿರೋ ಕಲ್ಲು ಸಾ ಅದು. ಅಂಗೇ ಬರ್ಕೊಳ್ಳಿ,” ಎಂದು ಚಿನ್ನಸ್ವಾಮಿ ಸರ್ವೇಯರ್ ಕಡೆ ತಿರುಗಿದ.

ಅದು ಸಾವಿರದ ಒಂಬೈನೂರ ಅರವತ್ತೊಂದರ ಕಾರ್ತಿಕ ಮಾಸ. ಕೊಳ್ಳೇಗಾಲದ ಸೀಮೆ ಮದರಾಸಿನಿಂದ ಬಿಟ್ಟು ಮೈಸೂರಿಗೆ ಸೇರಿ ಐದು ವರ್ಷ ಕಳೆದಿತ್ತು. ಹನೂರಿನಿಂದ ಒಡೆಯರಪಾಳ್ಯದ ಕಡೆ ಹೋಗುವ ದಾರಿಯಿಂದ ಎರಡು ಮೈಲಿ ಒಳಗಿದ್ದ ನೆಲ್ಲಿದೊಡ್ಡಿಗೆ ಹೊಸ ಸರ್ಕಾರದ ಸರ್ವೇಯರ್ ಬಂದದ್ದು ಅದೇ ಮೊದಲು. ಊರಿನ ಹಳೆಯ ನಕ್ಷೆ ಅವನ ಕೈಗೆ ಸಿಕ್ಕಿರಲಿಲ್ಲ. ಆ ನಕ್ಷೆ ಸಿಗದು ಎಂಬ ಧೈರ್ಯದಲ್ಲಿಯೇ ಚಿನ್ನಸ್ವಾಮಿ ಹಿಂದಿನ ವರ್ಷ ಬೆಟ್ಟದ ಬುಡದಲ್ಲಿ ಜಮೀನು ಕೊಂಡು, ಅದರ ಮೇಲಿನ ಇಳಿಜಾರಿಗೂ ಮುಳ್ಳಿನ ಬೇಲಿ ಹಾಕಿಸಿದ್ದ. ಆ ಇಳಿಜಾರು ನಲವತ್ತು ಮನೆಯ ದನಗಳು ಮೇಯುವ ಜಾಗ. ಮದರಾಸಿನ ಕಾಲದಲ್ಲಿ ಅದನ್ನು ಪೊರಂಬೋಕು ಎನ್ನುತ್ತಿದ್ದರು, ಎಂದರೆ ಯಾರದೂ ಅಲ್ಲದ, ಎಲ್ಲರದೂ ಆದ ನೆಲ. ಬೇಸಿಗೆಯಲ್ಲೂ ನೀರು ಬತ್ತದ ಕಲ್ಲಿನ ದೊಣೆಯೂ ಅದೇ ಇಳಿಜಾರಿನಲ್ಲಿತ್ತು. ಈಗ ಎರಡೂ ಬೇಲಿಯ ಒಳಗಾಗಿದ್ದವು. ಊರಿನವರಿಗೆ ಸಿಟ್ಟಿತ್ತು. ಆದರೆ ಸುಗ್ಗಿಯಲ್ಲಿ ಅರ್ಧ ಊರು ಚಿನ್ನಸ್ವಾಮಿಯ ಹೊಲದಲ್ಲೇ ಕೂಲಿ ಮಾಡಬೇಕಿತ್ತು. ಹಾಗಾಗಿ ಸಿಟ್ಟು ಜಗುಲಿಯವರೆಗೆ ಬಂದು ಅಲ್ಲೇ ಕೂತಿತ್ತು.

“ನಾನು ಇಪ್ಪತ್ತೆರಡು ವರ್ಷದ ಉಡುಗ ಆಗಿದ್ದಾಗ ಮದ್ರಾಸಿನೋರು ಅಳ್ತೆಗೆ ಬಂದಿದ್ರು ಸಾ,” ಎಂದ ಪುಟ್ಟಸಿದ್ದಯ್ಯ. ಅವನಿಗೆ ನಗು ಕೇಳಿಸಿಯೇ ಇಲ್ಲವೇನೋ ಎಂಬಂತಿತ್ತು. “ಸರಪಣಿ ಎಳೆಯೋ ಕೂಲಿಗೆ ಓಗಿದ್ದೆ. ನೆತ್ತಿ ಮೇಲೆ ಅರೆಬಂಡೇಲೇ ಉಳಿ ಇಕ್ಕಿ ಗುರ್ತು ಒಡೆದ್ರು. ಒಂದು ಗುಳಿ, ಅದ್ರಿಂದ ಮೂರು ಗೆರೆ. ಒಂದು ಬೆಟ್ಟದಾಚೆ ಊರಿನ ಎಲ್ಲೆ, ಉಳಿದೆರಡು ನಮ್ ಪೊರಂಬೋಕಿನ ಎರಡು ಬದಿ. ನೀರು ಉಯ್ದು ಉಯ್ದು ಕಲ್ಲು ತಣ್ಣಗೆ ಮಾಡಿದೋನು ನಾನು.”

ಸರ್ವೇಯರ್ ಕೆಟ್ಟವನಲ್ಲ. ಇಪ್ಪತ್ತೈದು ದಾಟದ ಹುಡುಗ, ಮೂರು ದಿನದಿಂದ ಬಿಸಿಲಲ್ಲಿ ಸುತ್ತಿ ಮೂಗು ಸುಲಿದುಕೊಂಡಿದ್ದ. “ನೋಡಿ ಯಜಮಾನರೇ, ಬಾಯಿಮಾತನ್ನು ನಾನು ಬರೆಯೋಕಾಗಲ್ಲ,” ಎಂದ. “ನಾಳೆ ಒಂದು ದಿನ ಇಲ್ಲಿರ್ತೀನಿ. ಗುರುತು ಇರೋದು ನಿಜ ಅಂತಾದರೆ ನಾನೇ ಹತ್ತಿ ಬರ್ತೀನಿ. ಇದೆಯೋ ಇಲ್ಲವೋ ಗೊತ್ತಿಲ್ಲದೆ ಯಂತ್ರ ಹೊರಿಸಿಕೊಂಡು ಆ ಬಂಡೆ ಹತ್ತೋದು ಆಗದ ಮಾತು. ಯಾರಾದರೂ ಹೋಗಿ ನೋಡಿ, ಸಿಕ್ಕರೆ ಮೇಲೆ ಹೊಗೆ ಹಾಕಿ.”

ಯಾರು ಹೋಗುತ್ತೀರಿ ಎಂದು ಅವನು ಸುತ್ತ ನೋಡಿದ. ಒಬ್ಬರೂ ತಲೆ ಎತ್ತಲಿಲ್ಲ.

“ನಾನೇ ಓಯ್ತೀನಿ,” ಎಂದ ಪುಟ್ಟಸಿದ್ದಯ್ಯ.

ಈ ಸಲ ಜಗುಲಿಯಲ್ಲಿ ನಗು ಜೋರಾಯಿತು. ಆಗ ಕಂಬದ ಹಿಂದೆ ಹೆಂಗಸರ ನಡುವೆ ನಿಂತಿದ್ದ ಅವನ ಕಿರಿಮಗಳು ಶಿವರತ್ನ ಮುಂದೆ ಬಂದು ಅಪ್ಪನ ಕೈ ಹಿಡಿದಳು. “ನಾನೂ ಓಯ್ತೀನಿ ಸಾ. ನಾಳೆ ಮಧ್ಯಾನ್ದೊಳಗೆ ಒಗೆ ಕಾಣ್ತದೆ,” ಎಂದಳು.

ಅವಳಿಗೆ ಹತ್ತೊಂಬತ್ತು ವರ್ಷ. ಹನೂರಿನ ಶಾಲೆಯಲ್ಲಿ ಐದನೇ ಕ್ಲಾಸಿನವರೆಗೆ ಓದಿದ್ದಳು. ಅಕ್ಕನನ್ನು ಹೂಗ್ಯಂ ಊರಿಗೆ ಮದುವೆ ಮಾಡಿ ಕೊಟ್ಟ ಮೇಲೆ, ಅಪ್ಪನ ಕಣ್ಣು ಮಂಜಾದ ಮೇಲೆ, ಹೊಲದ ಕೆಲಸವೆಲ್ಲ ಅವಳದೇ. ಅದರಲ್ಲೂ ಮನೆಯ ಮೇಲುಗಡೆ, ಬೆಟ್ಟಕ್ಕೆ ತಗುಲಿಕೊಂಡಿದ್ದ ಒಂದು ಎಕರೆಯ ತುಂಡನ್ನು ಅವಳು ತನ್ನ ಕೈಯಲ್ಲೇ ಹಸನು ಮಾಡಿದ್ದಳು. ಕಲ್ಲು ಆರಿಸಿ ಆರಿಸಿ ಸುತ್ತ ಗೋಡೆ ಕಟ್ಟಿದ್ದಳು. ಮೇಲಿನ ತುಂಡು ನಿನ್ನದು, ಮದುವೆ ಆದರೂ ನಿನ್ನದು ಆಗದಿದ್ದರೂ ನಿನ್ನದು ಎಂದು ಅಪ್ಪ ಹೇಳಿದ್ದ. ಈಗ ಅಲ್ಲಿ ಅವರೆ ಹೂ ಬಿಟ್ಟು ನಿಂತಿತ್ತು.

ಮಾರನೆಯ ದಿನ ಕೋಳಿ ಕೂಗುವ ಹೊತ್ತಿಗೆ ತಾಯಿ ಗುರುಸಿದ್ದಮ್ಮ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಟ್ಟಳು. ಬುತ್ತಿ ಕಟ್ಟುವಷ್ಟು ಹೊತ್ತೂ ಗಂಡನನ್ನು ಬೈಯುತ್ತಲೇ ಇದ್ದಳು. “ಬಿದ್ದು ಸತ್ರೆ ಎತ್ಕಂಡು ಬರಕ್ಕೆ ಈ ಊರ್ನಾಗೆ ಯಾವ ಗಂಡ್ಸೂ ಇಲ್ಲ, ಗ್ಯಾನ ಇಟ್ಕೊ,” ಎಂದಳು. ಆಮೇಲೆ ನೀರು ತುಂಬಿದ ಸೋರೆಬುರುಡೆಯನ್ನು ಮಗಳ ಹೆಗಲಿಗೆ ತಾನೇ ತೂಗುಹಾಕಿದಳು.

ಬೆಟ್ಟದ ದಾರಿಗೆ ಚಿನ್ನಸ್ವಾಮಿ ಹಾಕಿಸಿದ್ದ ಬೇಲಿ ಅಡ್ಡ ಬಂತು. ಅಲ್ಲಿ ಕಾವಲಿಗಿದ್ದವನು ಪಕ್ಕದ ಮನೆಯ ಪುಟ್ಟಮಾದಯ್ಯ. ಅವನು ಕಂಬಳಿ ಹೊದ್ದು ಬೆಂಕಿಯ ಮುಂದೆ ಕೂತಿದ್ದ.

“ವಾಪಸ್ ಓಗವ್ವ ರತ್ನ. ಯಾರ್ನೂ ಬಿಡಬ್ಯಾಡ ಅಂದವ್ರೆ,” ಎಂದ.

ರತ್ನ ಸೊಂಟದ ಕುಡುಗೋಲು ತೆಗೆದು ಮುಳ್ಳು ಕಡಿಯತೊಡಗಿದಳು. ಪುಟ್ಟಮಾದಯ್ಯ ಎದ್ದು ನಿಂತ, ಏನು ಮಾಡಬೇಕೋ ತಿಳಿಯದೆ ಮತ್ತೆ ಕೂತ. “ಆಯ್ತು, ನಾನು ಮಲಗಿದ್ದೆ ಅಂತೀನಿ. ನೋಡಿಲ್ಲ ಅಂತೀನಿ,” ಎಂದ ಮೆಲ್ಲಗೆ.

“ಬ್ಯಾಡಣ್ಣ. ನೋಡ್ದೆ ಅಂತ್ಲೇ ಅವ್ರ್ಗೆ ಏಳು. ಸಿದ್ದಯ್ಯನ ಮಗಳು ಬೇಲಿ ಕಡಿದು ಓದ್ಳು ಅನ್ನು,” ಎಂದಳು ರತ್ನ. ಒಬ್ಬರು ನುಸುಳುವಷ್ಟು ಸಾಕಿತ್ತು. ಅವಳು ಗಾಡಿ ಹೋಗುವಷ್ಟು ಅಗಲಕ್ಕೆ ಕಡಿದಳು.

ಮೊದಲ ಅರ್ಧ ದಾರಿ ಕುರುಚಲು ಗಿಡಗಳ ನಡುವೆ ದನ ಹೋಗುವ ಜಾಡು. ರತ್ನ ಮುಂದೆ, ಅವಳ ಹೆಗಲ ಮೇಲೆ ಕೈಯಿಟ್ಟು ಅಪ್ಪ ಹಿಂದೆ. ಬಿಸಿಲೇರುವ ಮೊದಲೇ ದೊಣೆಯ ಹತ್ತಿರ ಬಂದರು. ನೀರಿನ ವಾಸನೆಗೇ ಅವನು ನಿಂತ. ಬಗ್ಗಿ ಕೈಯಾಡಿಸಿ, ಮುಖ ತೊಳೆದು, ಎರಡು ಬೊಗಸೆ ಕುಡಿದ. “ಒಂದೊರ್ಸ ಆಯ್ತು ಈ ನೀರು ಕುಡ್ದು,” ಎಂದ.

ದೊಣೆಯಿಂದ ಮೇಲಕ್ಕೆ ಜಾಡಿಲ್ಲ. ಮನೆಯಷ್ಟು ದೊಡ್ಡ ಗುಂಡುಕಲ್ಲುಗಳು, ಅವುಗಳ ಸಂದಿ. ಸಂದಿ ದಾಟಿದರೆ ಒಂದೇ ಬೋಳು ಅರೆಬಂಡೆ, ಸೂರಿನ ಹಾಗೆ ಇಳಿಜಾರಾಗಿ ನೆತ್ತಿಯವರೆಗೂ. ಅರೆಯ ಬುಡದಲ್ಲಿ ಪುಟ್ಟಸಿದ್ದಯ್ಯ ಎಕ್ಕಡ ಬಿಚ್ಚಿ ಒಂದು ಗಿಡದ ಬುಡಕ್ಕೆ ಸೇರಿಸಿದ.

“ಇನ್ಮೇಲೆ ನಾನು ಮುಂದೆ, ನೀನು ಇಂದೆ,” ಎಂದ.

“ಕಣ್ಣು ಕಾಣ್ದೆ ಎಂಗಪ್ಪ ಮುಂದೆ ಓದೀಯೆ?”

“ಕಾಲ್ಗೆ ಗೊತ್ತದೆ ಕಣವ್ವ. ಸರಪಣಿ ಒತ್ಕಂಡು ಐದು ದಿನ ಅತ್ತಿ ಇಳ್ದಿವ್ನಿ. ಎಡಗಡೆ ಒಂದು ಬಿರುಕು ಅದೆ, ನೋಡು. ನೆತ್ತಿಗಂಟ ಓಯ್ತದೆ.”

ಬಿರುಕು ಇತ್ತು. ಅಂಗಾಲನ್ನು ಅಡ್ಡಡ್ಡ ಇಟ್ಟರೆ ಹಿಡಿಸುವಷ್ಟು. ಅವನು ನಾಲ್ಕು ಕಾಲಿನ ಪ್ರಾಣಿಯ ಹಾಗೆ ಬಗ್ಗಿ, ಕೈಯಿಂದ ಮುಂದಿನ ಜಾಗ ತಡವಿ, ಕಾಲಿಟ್ಟು, ಮತ್ತೆ ತಡವಿ ಹತ್ತತೊಡಗಿದ. ಅವನಿಗೆ ಕೆಳಗಿನ ಆಳ ಕಾಣುತ್ತಿರಲಿಲ್ಲ. ಅದು ರತ್ನಳಿಗೆ ಕಾಣುತ್ತಿತ್ತು. ಐವತ್ತು ಹೆಜ್ಜೆ ಹತ್ತಿ ಒಮ್ಮೆ ಕೆಳಗೆ ನೋಡಿದವಳೇ ಅರೆಗೆ ಎದೆಯಾನಿಸಿ ಮಲಗಿಬಿಟ್ಟಳು. ತಮ್ಮ ಮನೆ ಒಂದು ಬೆಂಕಿಪೊಟ್ಟಣದಷ್ಟಾಗಿತ್ತು.

“ಅಪ್ಪಾ, ನನ್ ಕೈಲಾಗಲ್ಲ.”

ಅವನು ನಿಂತ. ತಿರುಗಲಿಲ್ಲ. ಸೊಂಟಕ್ಕೆ ಸುತ್ತಿದ್ದ ಟವಲು ಬಿಚ್ಚಿ ಒಂದು ತುದಿ ಕೆಳಕ್ಕೆ ಬಿಟ್ಟ. “ಇದ್ನ ಇಡ್ಕೊ. ಕಣ್ ಮುಚ್ಕೊ. ನಾನಿಟ್ಟ ಜಾಗದಲ್ಲೇ ಕಾಲಿಡು. ನಾನು ಮೂರು ವರ್ಸದಿಂದ ಇಂಗೇ ಅಲ್ವಾ ಓಡಾಡ್ತಿರೋದು, ನಿನ್ ಎಗಲು ಇಡ್ಕಂಡು?”

ಅವಳು ಟವಲು ಹಿಡಿದು ಕಣ್ಣು ಮುಚ್ಚಿದಳು. ಅಪ್ಪ ಬಲಗಾಲು, ಎಡಗಾಲು, ಇಲ್ಲಿ ಸ್ವಲ್ಪ ಜಾರ್ತದೆ, ಇಲ್ಲಿ ಕೈಯೂರು ಎನ್ನುತ್ತ ಹೋದಂತೆ ಇಬ್ಬರೂ ನೂರು ಹೆಜ್ಜೆಯಷ್ಟು ಹತ್ತಿದರು. ಅಲ್ಲಿ ಅವನು ತಟಕ್ಕನೆ ನಿಂತ. ಅವನ ಕೈ ಮತ್ತೆ ಮತ್ತೆ ಅರೆಯನ್ನು ತಡವುತ್ತಿತ್ತು.

“ಬಿರುಕು ಇಲ್ಲಿಗೇ ನಿಂತೋಯ್ತು. ಇಂಗಿರಲಿಲ್ಲ,” ಎಂದ. ಮೊದಲ ಸಲ ಅವನ ದನಿಯಲ್ಲಿ ಅಂಜಿಕೆಯಿತ್ತು.

ರತ್ನ ಕಣ್ಣು ತೆರೆದಳು. ಮೇಲಿನಿಂದ ಯಾವುದೋ ಕಾಲದಲ್ಲಿ ಒಂದು ಗುಂಡು ಉರುಳಿ ಬಂದು ಬಿರುಕಿಗೆ ಬೆಣೆಯ ಹಾಗೆ ಕಚ್ಚಿಕೊಂಡಿತ್ತು. ಅದರ ಸುತ್ತ ಬಳಸಲೇಬೇಕು. ಬಲಗಡೆ ಬರೀ ನುಣುಪು. ಎಡಗಡೆ ಒಂದು ಗೇಣಗಲದ ಅಂಚು, ಅದರಾಚೆ ಒಣಹುಲ್ಲು ಬೆಳೆದ ಒಂದಿಷ್ಟು ಮಟ್ಟಸ ಜಾಗ. ಅವಳು ಕೆಳಗೆ ನೋಡಲಿಲ್ಲ. ಅಪ್ಪನನ್ನು ದಾಟಿ ಅಂಚಿನ ಮೇಲೆ ಕಾಲಿಟ್ಟು, ಗುಂಡನ್ನು ತಬ್ಬಿಕೊಂಡೇ ಆಚೆ ಹೋಗಿ ಟವಲನ್ನು ಅವನ ಕಡೆ ಎಸೆದಳು.

“ಈಗ ನಾನು ಏಳಿದಂಗೆ ಬಾ. ಎಡಗಾಲು ಮುಂದಕ್ಕೆ. ಇನ್ನೊಂಚೂರು. ಗುಂಡು ಬಿಡಬ್ಯಾಡ.”

ಅವನು ಬಂದ. ಬಂದವನು ಹುಲ್ಲಿನ ಮೇಲೆ ಕೂತು ಉಸಿರು ಬಿಟ್ಟು, “ನಿಮ್ಮವ್ವಂಗೆ ಇದ್ನ ಏಳಬ್ಯಾಡ,” ಎಂದ.

ನೆತ್ತಿ ಒಂದು ಕಣದಷ್ಟು ಮಟ್ಟಸವಾಗಿತ್ತು. ಗಾಳಿ ಒಂದೇ ಸಮನೆ ಬೀಸುತ್ತಿತ್ತು. ಪುಟ್ಟಸಿದ್ದಯ್ಯ ಮುಖಕ್ಕೆ ಬಿಸಿಲು ಯಾವ ಕಡೆಯಿಂದ ಬೀಳುತ್ತದೆಂದು ನೋಡಿಕೊಂಡು, ಹೆಜ್ಜೆ ಎಣಿಸಿ, ಒಂದು ಕಡೆ ಮಂಡಿಯೂರಿದ. ಅಲ್ಲೆಲ್ಲ ಕಲ್ಲುಹೂವು ಬೆಳೆದು ಅರೆ ಬೂದಿಬಣ್ಣವಾಗಿತ್ತು. ಇಬ್ಬರೂ ಕೆರೆದರು. ಅವನು ಉಗುರಿನಲ್ಲಿ, ಅವಳು ಕುಡುಗೋಲಿನ ಬೆನ್ನಿನಲ್ಲಿ. ಒಂದು ತಾಸಾದರೂ ಏನೂ ಸಿಗಲಿಲ್ಲ. ಬಿಸಿಲು ನೆತ್ತಿಗೆ ಬರುತ್ತಿತ್ತು. ಕೆಳಗೆ ಜನ ನಗಲು ಕಾಯುತ್ತಿದ್ದಾರೆಂದು ನೆನೆದಷ್ಟೂ ಅವಳ ಕೈ ಬಿರುಸಾಯಿತು.

ಕುಡುಗೋಲು ಒಂದು ಕಡೆ ಟಕ್ ಎಂದು ಸಿಕ್ಕಿಕೊಂಡಿತು. ಅವಳು ಸೆರಗಿನಿಂದ ಒರೆಸಿದಳು. ಹೆಬ್ಬೆರಳು ಹಿಡಿಸುವಷ್ಟು ಗುಳಿ. ಅದರಿಂದ ಹೊರಟ ಗೆರೆಗಳು, ಒಂದು, ಎರಡು, ಮೂರು. ನಿನ್ನೆ ಕಡೆದಷ್ಟು ನೇರ.

ಒಂದು ಗೆರೆ ಬೆಟ್ಟದ ಆಚೆಯ ಊರಿನ ಕಡೆಗೆ ಹೋಗುತ್ತಿತ್ತು. ಅವಳು ಎರಡನೆಯದರ ಹಿಂದೆ ಕೂತು, ಒಂದು ಕಣ್ಣು ಮುಚ್ಚಿ ಅದರ ಜಾಡು ಹಿಡಿದು ಕೆಳಗೆ ನೋಡಿದಳು. ಗೆರೆ ನೆಟ್ಟಗೆ ಚಿನ್ನಸ್ವಾಮಿಯ ಬೇಲಿಯಿಂದ ಬಹಳ ಕೆಳಗೆ, ಅವನು ಕೊಂಡ ಜಮೀನಿನ ಅಂಚಿಗೆ ಇಳಿಯುತ್ತಿತ್ತು. ಬೇಲಿ ಹಾಕಿದ ಇಳಿಜಾರೆಲ್ಲ ಪೊರಂಬೋಕು. ಅವಳಿಗೆ ಕೂಗಬೇಕೆನಿಸಿತು. ಆಮೇಲೆ ಮೂರನೆಯ ಗೆರೆಯ ಹಿಂದೆ ಕೂತಳು. ಪೊರಂಬೋಕಿನ ಇನ್ನೊಂದು ಬದಿಯ ಗೆರೆ ಅದು. ಅದು ತಮ್ಮ ಮನೆಯ ಹಿತ್ತಿಲ ಕಡೆ ಇಳಿಯುತ್ತಿತ್ತು. ದಾರಿಯಲ್ಲಿ ಒಂದು ಹಸಿರು ಚೌಕ, ಸುತ್ತ ಕಲ್ಲಿನ ಗೋಡೆ. ಗೆರೆ ಆ ಚೌಕವನ್ನು ಪೂರಾ ಪೊರಂಬೋಕಿನ ಒಳಗೆ ಹಾಕಿಕೊಂಡು ಮುಂದೆ ಹೋಗಿತ್ತು. ಅವಳ ಅವರೆಹೊಲ.

ಅವಳು ಚೌಕದ ನಾಲ್ಕೂ ಮೂಲೆಯನ್ನು ಮತ್ತೊಮ್ಮೆ ಗೆರೆಗೆ ಹಿಡಿದು ನೋಡಿದಳು.

“ಸಿಕ್ತಾ?” ಎಂದ ಅಪ್ಪ.

ಇಲ್ಲ ಎಂದರೆ ಮುಗಿಯಿತು. ಅವನಿಗೆ ಕಾಣುವುದಿಲ್ಲ. ಅವನ ಬೆರಳು ಇನ್ನೂ ಎರಡು ಮಾರು ಆಚೆ ಕೆರೆಯುತ್ತಿತ್ತು.

“ಸಿಕ್ತು,” ಎಂದಳು. ಅವನ ಕೈ ಹಿಡಿದು ತಂದು ಬೆರಳನ್ನು ಗುಳಿಯ ಮೇಲಿಟ್ಟಳು. ಅವನು ಮೂರು ಗೆರೆಗಳನ್ನೂ ತಡವಿದ. ಮೂರನೆಯದರ ಮೇಲೆ ಅವನ ಬೆರಳು ನಿಂತಿತು.

“ನಿಂಗೆ ಗೊತ್ತಿತ್ತು,” ಎಂದಳು ರತ್ನ.

“ಗೊತ್ತಿತ್ತು. ನಮ್ಮಪ್ಪ ಉಳ್ತಾ ಉಳ್ತಾ ಮೇಲಕ್ಕೆ ಓದ. ಅಳ್ತೆ ಮಾಡಿದ್ ದಿನವೇ ನಂಗೆ ಗೊತ್ತಾಯ್ತು. ಬಾಯಿ ಬಿಡ್ಲಿಲ್ಲ. ನಲವತ್ತು ವರ್ಸ ಬಿಡ್ಲಿಲ್ಲ.”

“ನಂದು ಅಂತ ಕೊಟ್ಯಲ್ಲಪ್ಪ. ನಾನು ಕಲ್ಲು ಒತ್ತು ಒತ್ತು ಬೆನ್ನು ಬಗ್ಗಿಸ್ಕಂಡಾಗ ಏಳ್ಬೋದಿತ್ತಲ್ಲ.”

“ಏಳ್ಬೇಕಿತ್ತು. ಬಾಯಿ ಬರ್ಲಿಲ್ಲ. ನಿನ್ನೆ ಆ ಚಿನ್ನಸ್ವಾಮಿ ಎಲ್ಲಾ ತಮ್ಮಪ್ಪಂದೇ ಅನ್ನಂಗೆ ಬರ್ಸ್ತಾ ಕೂತಿದ್ನಲ್ಲ, ಆಗ ತಡ್ಕಳಕ್ಕಾಗ್ಲಿಲ್ಲ. ಅಂದ್ಬುಟ್ಟೆ. ನಿಂಗೆ ಏಳಿದ್ರೆ ನೀನು ಬರಲ್ಲ ಅಂದ್ಕಂಡೆ.”

“ಬತ್ತಿದ್ದೆ,” ಎಂದಳು ರತ್ನ. “ಅಳ್ತಾನಾದ್ರೂ ಬತ್ತಿದ್ದೆ. ಕೇಳ್ಬೇಕಿತ್ತು ನೀನು. ನನ್ ಒಲ ಬಿಡೋಳು ನಾನು. ನೀನಲ್ಲ.”

ಅವನು ತಲೆ ತಗ್ಗಿಸಿದ. “ಅದು ಸರಿ,” ಎಂದ. “ಈಗ ಕೇಳ್ತೀನಿ. ಒಗೆ ಆಕದೋ ಬ್ಯಾಡ್ವೋ? ನೀನು ಅಂದಂಗೆ.”

ರತ್ನ ಎದ್ದು ಹೋಗಿ ಒಣಹುಲ್ಲು ಕಿತ್ತು ತಂದಳು. ಬೆಂಕಿ ಹತ್ತಿಸಿ ಅದರ ಮೇಲೆ ಹಸಿ ಸೊಪ್ಪು ಒಟ್ಟಿದಳು. ಗಾಳಿಗೆ ಹೊಗೆ ಮಲಗಿ, ಎದ್ದು, ದಪ್ಪಗೆ ಊರಿನ ಕಡೆ ಹೋಯಿತು.

ಇಬ್ಬರೂ ರೊಟ್ಟಿ ತಿಂದು ಕಾದರು. ಸರ್ವೇಯರ್ ಬರುವ ಹೊತ್ತಿಗೆ ಮಧ್ಯಾಹ್ನ ಮೂರು ಗಂಟೆ ದಾಟಿತ್ತು. ಗುಂಡು ಬಿದ್ದ ಜಾಗದಲ್ಲಿ ರತ್ನಳೇ ಇಳಿದು ಟವಲು ಕೊಟ್ಟು ಅವನನ್ನು ಹತ್ತಿಸಿಕೊಂಡಳು. ಅವನ ಹಿಂದೆ ಯಂತ್ರ ಹೊತ್ತ ಆಳು, ಹಗ್ಗ ಹಿಡಿದ ಊರಿನ ಐದಾರು ಗಂಡಸರು. ಹೊಗೆ ಕಂಡ ಮೇಲೆ ಅವರಿಗೆ ಧೈರ್ಯ ಬಂದಿತ್ತು. ಎಲ್ಲರ ಕೊನೆಗೆ ಏದುಸಿರು ಬಿಡುತ್ತ ಚಿನ್ನಸ್ವಾಮಿಯೂ ಬಂದ. ಅವನ ಬಿಳಿ ಪಂಚೆ ಮಂಡಿಯ ತನಕ ಮಣ್ಣಾಗಿತ್ತು.

ಸರ್ವೇಯರ್ ಗುರುತನ್ನು ನೋಡಿದ, ಮುಟ್ಟಿದ, ಯಂತ್ರ ನಿಲ್ಲಿಸಿ ಮೂರು ಗೆರೆಯನ್ನೂ ಹಿಡಿದು ನೋಡಿದ. ಎರಡನೆಯ ಗೆರೆ ಎಲ್ಲಿ ಇಳಿಯುತ್ತದೆ ಎಂದು ಅವನು ಹೇಳಿದಾಗ ಊರಿನವರು ಗುಸುಗುಟ್ಟಿದರು. ಮೂರನೆಯದನ್ನು ನೋಡಿ ಅವನು ರತ್ನಳ ಕಡೆ ತಿರುಗಿದ. “ಆ ಅವರೆಹೊಲ ಯಾರದಮ್ಮ?”

“ನಂದೇ ಸಾ.”

ಚಿನ್ನಸ್ವಾಮಿಗೆ ಅಷ್ಟು ಸಾಕಾಯಿತು. ಅವನು ಪುಟ್ಟಸಿದ್ದಯ್ಯನನ್ನು ಬಿಟ್ಟು ನೇರ ಅವಳ ಹತ್ತಿರ ಬಂದು ಕೂತ. “ನೋಡವ್ವ,” ಎಂದ ಮೆತ್ತಗೆ. “ಅಳೇ ಕಾಲದ ಗೆರೆ. ಸವ್ದೋಗದೆ, ಸರ್ಯಾಗಿ ಕಾಣ್ತಿಲ್ಲ ಅಂತ ನೀನು ಒಂದು ಮಾತು ಅಂದ್ರೆ ನಿನ್ ಒಲ ನಿಂಗೆ, ನನ್ ಬೇಲಿ ನಂಗೆ. ನಿಮ್ಮಪ್ಪಂಗಂತೂ ಕಣ್ಣಿಲ್ಲ. ನಿಂಗೆ ನಾಳೆ ಮದ್ವೆ ಗಿದ್ವೆ ಅಂತ ಇಲ್ವಾ? ಯೋಚ್ನೆ ಮಾಡು.”

“ಒಗೆ ಆಕೋ ಮುಂಚೆ ಅಂದಿದ್ರೆ ಯೋಚ್ನೆ ಮಾಡ್ತಿದ್ನೇನೋ,” ಎಂದಳು ರತ್ನ. “ನೀವು ಬರೋದು ತಡ ಆಯ್ತು. ಯೋಚ್ನೆ ಮುಗೀತು.” ಆಮೇಲೆ ಎಲ್ಲರಿಗೂ ಕೇಳುವಂತೆ ಸರ್ವೇಯರಿಗೆ ಹೇಳಿದಳು. “ಎಂಗದೋ ಅಂಗೇ ಬರೀರಿ ಸಾ. ನನ್ ಒಲ ಎಲ್ಲಿ ಬತ್ತದೋ ಅಲ್ಲೇ ಬರೀರಿ. ಇವ್ರ ಬೇಲಿ ಎಲ್ಲಿ ಬತ್ತದೋ ಅದ್ನೂ ಬರೀರಿ. ಆದ್ರೆ ಅವರೆ ಈಗ ಊವಾಗದೆ. ಕುಯ್ಕೊಳ್ಳೋ ತನ್ಕ ಯಾರೂ ಕಾಲಿಡಕೂಡ್ದು. ಅದ್ನೂ ಬರೀಬೇಕು.”

ಸರ್ವೇಯರ್ ಅದನ್ನೂ ಬರೆದ. ಬರೆದದ್ದನ್ನು ಓದಿ ಹೇಳಿದ. ಸಾಕ್ಷಿ ಹಾಕಬೇಕೆಂದು ಪುಟ್ಟಸಿದ್ದಯ್ಯನ ಹೆಬ್ಬೆರಳಿಗೆ ಮಸಿ ಹಚ್ಚಿದ. ಊರಿನ ಗಂಡಸರು ಸಾಲಾಗಿ ಮುಂದೆ ಬಂದರು. ರತ್ನ ಕೈ ಚಾಚಿದಳು. “ಪೆನ್ನು ಕೊಡಿ ಸಾ. ನಾನೂ ಆಕ್ತೀನಿ.”

“ಎಣ್ಮಕ್ಳ ಸಾಕ್ಷಿ ಎಲ್ಲಾದ್ರೂ ಉಂಟಾ?” ಎಂದ ಚಿನ್ನಸ್ವಾಮಿ.

“ಇವ್ರೆಲ್ಲ ಒಗೆ ನೋಡಿ ಬಂದೋರು. ನಮ್ಮಪ್ಪಂಗೆ ಕಣ್ಣಿಲ್ಲ ಅಂತ ನೀವೇ ನಿನ್ನೆಯಿಂದ ಏಳ್ತಿದ್ದೀರಿ. ಗುರ್ತು ಮೊದ್ಲು ಕಂಡೋಳು ನಾನು. ಮತ್ಯಾರು ಸಾಕ್ಷಿ ಆಕ್ಬೇಕು?”

ಸರ್ವೇಯರ್ ಪೆನ್ನು ಕೊಟ್ಟ. ಅವಳು ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು, ಗಾಳಿಗೆ ಹಾರದಂತೆ ಮೊಣಕೈ ಊರಿ, ಶಿವರತ್ನಮ್ಮ ಎಂದು ನಿಧಾನವಾಗಿ, ಒತ್ತಿ ಬರೆದಳು. ಎಲ್ಲರಿಗಿಂತ ದೊಡ್ಡ ಅಕ್ಷರದಲ್ಲಿ.

ಇಳಿಯುವಾಗ ಊರಿನ ಗಂಡಸರು ಪುಟ್ಟಸಿದ್ದಯ್ಯನನ್ನು ಹೊತ್ತು ಇಳಿಸುತ್ತೇವೆಂದು ಮುಂದೆ ಬಂದರು. ಅವನು ಒಪ್ಪಲಿಲ್ಲ. “ಅತ್ತುವಾಗ ಬೇಕಿತ್ತು ನೀವು,” ಎಂದು ಮಗಳ ಹೆಗಲು ಹಿಡಿದ.

ವಾರದೊಳಗೆ ಬೇಲಿ ಹೋಯಿತು. ಚಿನ್ನಸ್ವಾಮಿ ತೆಗೆಸಲಿಲ್ಲ, ಊರಿನವರೇ ಕಿತ್ತು ಹಾಕಿದರು. ಪುಟ್ಟಮಾದಯ್ಯನೂ ಎರಡು ಹೊರೆ ಮುಳ್ಳು ಎಳೆದ. ಆ ಸುಗ್ಗಿಯಲ್ಲಿ ಚಿನ್ನಸ್ವಾಮಿ ಪುಟ್ಟಸಿದ್ದಯ್ಯನ ಮನೆಯವರನ್ನು ಕೂಲಿಗೆ ಕರೆಯಲಿಲ್ಲ. ರತ್ನ ಹೂಗ್ಯಂಗೆ ಅಕ್ಕನ ಮನೆಗೆ ಹೋಗಿ ಅಲ್ಲಿ ರಾಗಿ ಕೊಯ್ದು ಬಂದಳು.

ಅವರೆ ಮುಗಿದ ಮೇಲೆ ಊರಿನ ನಾಲ್ಕು ಜನ ಮನೆಗೆ ಬಂದು, ಆ ತುಂಡನ್ನು ನೀನೇ ಉಳು, ನಾವ್ಯಾರೂ ಕೇಳುವುದಿಲ್ಲ ಎಂದರು. ರತ್ನ ಒಪ್ಪಲಿಲ್ಲ. “ನೀವು ಕೇಳಲ್ಲ. ಚಿನ್ನಸ್ವಾಮಿ ಕೇಳ್ತಾನೆ. ಕೇಳೋ ಅಂಗೆ ನಾನು ಇಟ್ಕಳಲ್ಲ,” ಎಂದು ಅವರನ್ನು ಕಳಿಸಿದಳು. ಮಾರನೆಯ ಬೆಳಿಗ್ಗೆ ಗೋಡೆಯಲ್ಲಿ ಎರಡು ಕಡೆ ಕಲ್ಲು ಇಳಿಸಿ ದನಕ್ಕೆ ದಾರಿ ಮಾಡಿದಳು. ಕಲ್ಲು ಜೋಡಿಸಿದಷ್ಟೇ ಹೊತ್ತು ಇಳಿಸುವುದಕ್ಕೂ ಹಿಡಿಯಿತು. ಪುಟ್ಟಸಿದ್ದಯ್ಯ ಬದುವಿನ ಮೇಲೆ ಕೂತು ಕಲ್ಲು ಬೀಳುವ ಸದ್ದು ಕೇಳುತ್ತಿದ್ದ.

“ಇನ್ನೇನು ಮಾಡೀಯೆ ಮಗ?” ಎಂದ.

“ಸರ್ವೇಯರ್ ಸಾ ಏಳಿದ್ರು. ಬೆಟ್ಟದ ಬುಡದಲ್ಲಿ ಸರ್ಕಾರಿ ಬೀಳು ಎರಡೆಕ್ರೆ ಅದೆಯಂತೆ, ಭೂಮಿ ಇಲ್ಲದೋರು ಅರ್ಜಿ ಆಕ್ಬೋದಂತೆ. ಸೋಮವಾರ ಕೊಳ್ಳೇಗಾಲದ ಬಸ್ಸಿಗೆ ಓಯ್ತೀನಿ.”

“ನನ್ನೆಸ್ರಿಗೆ ಆಕ್ತೀಯಾ?”

“ನನ್ನೆಸ್ರಿಗೆ. ನಿಂಗೆ ಕೆಳಗಿನ ಒಲ ಅದೆ. ಭೂಮಿ ಇಲ್ಲದೋಳು ನಾನು.”

“ಎಣ್ಣಿನ ಎಸ್ರಿಗೆ ಕೊಟ್ಟಾರಾ?”

ರತ್ನ ಕೈಯ ಮಣ್ಣು ಝಾಡಿಸಿದಳು. “ಕೊಡ್ದಿದ್ರೆ ಯಾಕೆ ಕೊಡಲ್ಲ ಅಂತ ಕಾಗದದಲ್ಲಿ ಬರ್ದು ಕೊಡ್ಲಿ. ನಂಗೆ ಓದಕ್ಕೆ ಬತ್ತದೆ,” ಎಂದಳು. ಸೋಮವಾರ ಕತ್ತಲಿರುವಾಗಲೇ ಎದ್ದು ಹನೂರಿನವರೆಗೆ ನಡೆದು, ಅಪ್ಪನನ್ನೂ ಕೈಹಿಡಿದು ಬಸ್ಸು ಹತ್ತಿಸಿ ಕಿಟಕಿಯ ಪಕ್ಕ ಕೂರಿಸಿದಳು.